ಆಚಾರ್ಯ ಮೇಘನಾದ ಸಾಹಾ: ನಕ್ಷತ್ರವಿಜ್ಞಾನವೂ ಪಂಚಾಂಗಶುದ್ಧಿಯೂ

ಭಾರತ ಸರ್ಕಾರದ ಗೆಜೆಟ್ಟನ್ನು ತೆರೆದು ನೋಡಿದರೆ ಕ್ರಿಸ್ತಶಕದ ದಿನಾಂಕದೊಡನೆ ಶಕವರ್ಷದ ದಿನಾಂಕವೂ ಅಚ್ಚಾಗಿರುವುದು ಕಾಣುತ್ತದೆ. ಚೈತ್ರ ವೈಶಾಖಾದಿ ನಮ್ಮ ಮಾಸಗಳ ಹೆಸರುಗಳೇ ಅಲ್ಲಿಯೂ ಇವೆ; ಆದರೆ ಮನೆಯ ಪಂಚಾಂಗವನ್ನು ಪಕ್ಕದಲ್ಲಿಟ್ಟು ನೋಡಿದರೆ ಎರಡಕ್ಕೂ ಹೊಂದಿಕೆಯಾಗುವುದಿಲ್ಲ. ನಮ್ಮ ಯುಗಾದಿಯು ಚಂದ್ರನನ್ನು ಅನುಸರಿಸಿ ಹಿಂದುಮುಂದಾಗುತ್ತದೆ. ಸರ್ಕಾರದ ಚೈತ್ರವಾದರೋ ಪ್ರತಿವರ್ಷವೂ ಮಾರ್ಚಿ 22ರಂದು, ಅಧಿಕದಿನವುಳ್ಳ ವರ್ಷದಲ್ಲಿ 21ರಂದು, ತಪ್ಪದೆ ಮೊದಲಾಗುತ್ತದೆ. ಈ ಕಾಲಗಣನೆಯನ್ನು ರೂಪಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಯಾರೆಂದು ಕೇಳಿದರೆ ವಿದ್ಯಾವಂತರಲ್ಲಿಯೂ ಅನೇಕರು ಉತ್ತರ ಹೇಳಲಾರರು. ಅವರು ತಲೆತಲಾಂತರದಿಂದ ಪಂಚಾಂಗ ಬರೆದು ಬಂದ ಜೋಯಿಸರ ಮನೆತನದವರಲ್ಲ. ಢಾಕಾ ಜಿಲ್ಲೆಯ ಒಂದು ಹಳ್ಳಿಯ ಚಿಲ್ಲರೆ ಅಂಗಡಿಕಾರನ ಮಗ. ಸೂರ್ಯನ ಮತ್ತು ನಕ್ಷತ್ರಗಳ ಬೆಳಕಿನಲ್ಲಿ ಅಡಗಿದ್ದ ಅರ್ಥವನ್ನು ಲೋಕಕ್ಕೆ ಮೊದಲು ಬಿಡಿಸಿ ತೋರಿಸಿದ ಆಚಾರ್ಯ ಮೇಘನಾದ ಸಾಹಾರವರೇ ಅವರು.

ಸಾಹಾರವರ ಚರಿತ್ರೆಯನ್ನು ಬರೆಯುವವರು ಅವರ ನಕ್ಷತ್ರಸಂಶೋಧನೆಯನ್ನು ಒಂದು ಕಡೆಗೂ ಪಂಚಾಂಗಸುಧಾರಣೆಯನ್ನು ಇನ್ನೊಂದು ಕಡೆಗೂ ಇಟ್ಟು, ಎರಡನೆಯದನ್ನು ಮುಪ್ಪಿನ ಕಾಲದ ಬಿಡುವಿನ ಕೆಲಸವೆಂಬಂತೆ ಎರಡು ಸಾಲುಗಳಲ್ಲಿ ಮುಗಿಸಿಬಿಡುವುದುಂಟು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನನಗೆ ಈ ವಿಭಾಗವು ಸರಿಯೆಂದು ತೋರುವುದಿಲ್ಲ. ಎರಡರಲ್ಲಿಯೂ ಕೆಲಸಮಾಡಿದುದು ಒಂದೇ ಬುದ್ಧಿ. ಗ್ರಂಥಕ್ಕೂ ಆಕಾಶಕ್ಕೂ ವಿರೋಧ ಕಂಡಾಗ ಆಕಾಶವನ್ನೇ ಪ್ರಮಾಣವಾಗಿ ಹಿಡಿದು, ಗಣಿತದಿಂದ ಅದರ ಕಾರಣವನ್ನು ಹುಡುಕುವ ಬುದ್ಧಿ. ಇದನ್ನು ವಾಚಕರ ಮುಂದೆ ಸಾಧ್ಯವಾದಷ್ಟು ಸರಳವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಾಹಾರವರ ಕಾಲಕ್ಕೆ ಜ್ಯೋತಿರ್ವಿದ್ಯೆಯು ಯಾವ ಸ್ಥಿತಿಯಲ್ಲಿತ್ತೆಂಬುದನ್ನು ತಿಳಿಯಬೇಕು. ಸಿದ್ಧಾಂತ, ಸಂಹಿತಾ, ಹೋರಾ ಎಂದು ನಮ್ಮವರು ಜ್ಯೋತಿಷಕ್ಕೆ ಮೂರು ಸ್ಕಂಧಗಳನ್ನು ಹೇಳಿದರು. ಯಾವ ಗ್ರಹವು ಯಾವ ಕಾಲದಲ್ಲಿ ಎಲ್ಲಿರುವುದೆಂಬ ಪ್ರಶ್ನೆಗೆ ಸಿದ್ಧಾಂತಸ್ಕಂಧವು ಉತ್ತರ ಕೊಟ್ಟಿತು. ಆದರೆ ಆ ತೇಜಸ್ಸು ಯಾವ ವಸ್ತುವಿನದು, ಅದರ ಶಾಖವೆಷ್ಟು ಎಂಬ ಪ್ರಶ್ನೆಯು ಇಲ್ಲಿ ಮಾತ್ರವಲ್ಲ, ಯಾವ ದೇಶದಲ್ಲಿಯೂ ಗಣಿತಜ್ಞನ ಕೈಗೆ ನಿಲುಕಿರಲಿಲ್ಲ. ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕೋಂತ್ 1835ರಲ್ಲಿ, ನಕ್ಷತ್ರಗಳು ಯಾವ ದ್ರವ್ಯಗಳಿಂದ ಆಗಿವೆಯೆಂಬುದನ್ನು ಮನುಷ್ಯನು ಎಂದಿಗೂ ಅರಿಯಲಾರನೆಂದು ಬರೆದನು. ಕಾಲು ಶತಮಾನವೂ ತುಂಬುವ ಮೊದಲೇ, 1859ರಲ್ಲಿ, ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ಎಂಬ ಪಂಡಿತರು ಅದಕ್ಕೆ ದಾರಿ ತೋರಿಸಿದರು. ಪಟ್ಟಕದ ಗಾಜಿನ ಮೂಲಕ ಹಾಯಿಸಿದ ಬೆಳಕು ಬಣ್ಣಬಣ್ಣದ ಪಟ್ಟಿಯಾಗಿ ಹರಡುವುದಷ್ಟೆ. ಸೂರ್ಯನ ವರ್ಣಪಟಲದಲ್ಲಿ ನಡುನಡುವೆ ಕಾಣುವ ಕಪ್ಪು ಗೆರೆಗಳಿಗೂ, ಭೂಮಿಯ ಮೇಲಿನ ಒಂದೊಂದು ಮೂಲವಸ್ತುವನ್ನು ಕಾಯಿಸಿದಾಗ ಕಾಣುವ ಗೆರೆಗಳಿಗೂ ನಿಯತವಾದ ಸಂಬಂಧವಿದೆಯೆಂದು ಅವರು ಸ್ಥಾಪಿಸಿದರು. ಉಪ್ಪಿನಲ್ಲಿರುವ ಸೋಡಿಯಮ್ಮಿನ ಗೆರೆ, ಕಬ್ಬಿಣದ ಗೆರೆಗಳು, ಸುಣ್ಣದಲ್ಲಿರುವ ಕ್ಯಾಲ್ಸಿಯಮ್ಮಿನ ಗೆರೆಗಳು, ಎಲ್ಲವೂ ಸೂರ್ಯನಲ್ಲಿ ಕಂಡುವು.

ಈ ಕಥೆಯಲ್ಲಿ ನಮ್ಮ ನಾಡಿನ ಒಂದು ಊರಿಗೂ ಸ್ಥಾನವುಂಟು. 1868ನೆಯ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಯೂರೋಪಿನ ವಿದ್ವಾಂಸರು ಭಾರತಕ್ಕೆ ಬಂದಿದ್ದರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕಾದು ಕುಳಿತಿದ್ದನು. ನಮ್ಮ ಜಮಖಂಡಿಯಲ್ಲಿ, ಪ್ರಸಿದ್ಧ ಜ್ಯೋತಿಷಿಯಾದ ಹರ್ಷೆಲನ ಮೊಮ್ಮಗನಾದ ಜಾನ್ ಹರ್ಷೆಲ್ ಎಂಬ ಸೈನ್ಯಾಧಿಕಾರಿಯು ದುರ್ಬೀನನ್ನು ಹೂಡಿದ್ದನು. ಮರೆಯಾದ ಸೂರ್ಯನ ಅಂಚಿನಿಂದ ಏಳುವ ಜ್ವಾಲೆಯ ಬೆಳಕು ಕೆಂಪು, ಕಿತ್ತಿಳೆ, ನೀಲಿ ಬಣ್ಣದ ಬಿಡಿ ಗೆರೆಗಳಾಗಿ ಕಂಡಿತು. ಆ ಜ್ವಾಲೆಗಳು ಕಾದ ಅನಿಲವೇ ಹೊರತು ಬೇರೆಯಲ್ಲವೆಂದು ನಿಶ್ಚಯವಾಯಿತು. ಅಂದು ಕಂಡ ಹಳದಿಕಿತ್ತಿಳೆಯ ಗೆರೆಯು ಭೂಮಿಯ ಮೇಲೆ ಆಗ ತಿಳಿದಿದ್ದ ಯಾವ ಮೂಲವಸ್ತುವಿಗೂ ಸೇರಲಿಲ್ಲ. ಸೂರ್ಯನ ಗ್ರೀಕ್ ಹೆಸರಿನಿಂದ ಅದರ ವಸ್ತುವಿಗೆ ಹೀಲಿಯಂ ಎಂದು ನಾಮಕರಣವಾಯಿತು. 1895ರಲ್ಲಿ ಅದು ಭೂಮಿಯಲ್ಲಿಯೂ ದೊರಕಿತು.

ಗೆರೆಗಳು ದೊರೆತಮೇಲೆ ತೊಡಕು ಹೆಚ್ಚಿತು. ಅಮೆರಿಕೆಯ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆನಿ ಕ್ಯಾನನ್ ಎಂಬ ವಿದುಷಿಯು ಎರಡು ಲಕ್ಷಕ್ಕೂ ಮಿಕ್ಕ ನಕ್ಷತ್ರಗಳ ವರ್ಣಪಟಲಗಳನ್ನು ಪರೀಕ್ಷಿಸಿ ಓ, ಬಿ, ಎ, ಎಫ್, ಜಿ, ಕೆ, ಎಂ ಎಂದು ವರ್ಗಗಳಾಗಿ ಜೋಡಿಸಿದಳು. ನಮ್ಮ ಚಿತ್ರಾನಕ್ಷತ್ರದಲ್ಲಿ ಹೀಲಿಯಮ್ಮಿನ ಗೆರೆಗಳು ಕಾಣುತ್ತವೆ. ಲುಬ್ಧಕ ಮತ್ತು ಅಭಿಜಿತ್ತುಗಳಲ್ಲಿ ಜಲಜನಕದ ಗೆರೆಗಳು ಬಲವಾಗಿವೆ. ಸೂರ್ಯನಲ್ಲಿ ಕಬ್ಬಿಣ ಕ್ಯಾಲ್ಸಿಯಮ್ಮುಗಳದೇ ಪ್ರಾಬಲ್ಯ. ಕೆಂಪಾದ ಆರ್ದ್ರೆಯಲ್ಲಿ ಸಂಯುಕ್ತ ವಸ್ತುಗಳ ಅಗಲವಾದ ಪಟ್ಟಿಗಳಿವೆ. ಹಾಗಾದರೆ ಲುಬ್ಧಕವು ಜಲಜನಕದಿಂದಲೂ ಸೂರ್ಯನು ಕಬ್ಬಿಣದಿಂದಲೂ ಆದವುಗಳೋ? ಒಂದೇ ಆಕಾಶದಲ್ಲಿ ನಕ್ಷತ್ರಕ್ಕೊಂದು ದ್ರವ್ಯವೋ? ಇನ್ನೂ ಒಂದು ವಿಚಿತ್ರವಿತ್ತು. ಸೂರ್ಯನ ಹೊರಗಿನ ವರ್ಣಮಂಡಲದಲ್ಲಿ ಕ್ಯಾಲ್ಸಿಯಮ್ಮಿನ ಒಂದು ಬಗೆಯ ಗೆರೆಯು ಕೆಳಗಿನ ಪದರಗಳಲ್ಲಿಯೇ ನಿಂತುಹೋಗುತ್ತದೆ. ಎಚ್ ಮತ್ತು ಕೆ ಎಂದು ಹೆಸರುಳ್ಳ ಇನ್ನೊಂದು ಬಗೆಯ ಗೆರೆಗಳು ಅದಕ್ಕಿಂತ ಬಹುಪಾಲು ಎತ್ತರದವರೆಗೆ ಕಾಣಿಸುತ್ತವೆ. ಜಲಜನಕಕ್ಕಿಂತ ನಲ್ವತ್ತು ಪಾಲು ಭಾರವಾದ ಪರಮಾಣು ಅಷ್ಟೆತ್ತರಕ್ಕೆ ಏರುವುದು ಹೇಗೆ, ಏರಿದುದು ತನ್ನ ಗೆರೆಯನ್ನು ಬದಲಿಸುವುದೇಕೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಪಟ್ಟಿಗಳು ಬೆಳೆಯುತ್ತಿದ್ದುವು. ಉತ್ತರವು ದೊಡ್ಡ ದುರ್ಬೀನುಗಳಿದ್ದ ಊರಿನಿಂದ ಬರಲಿಲ್ಲ. ದುರ್ಬೀನಿಲ್ಲದ ಕಲ್ಕತ್ತೆಯ ಒಬ್ಬ ತರುಣ ಅಧ್ಯಾಪಕರಿಂದ ಬಂದಿತು.

ಮೇಘನಾದ ಸಾಹಾರವರು ಹುಟ್ಟಿದುದು 1893ನೆಯ ಅಕ್ಟೋಬರ್ 6ರಂದು, ಢಾಕಾ ಜಿಲ್ಲೆಯ ಶೇವಡಾತಲಿ ಎಂಬ ಹಳ್ಳಿಯಲ್ಲಿ. ಆ ಪ್ರದೇಶವು ಈಗ ಬಾಂಗ್ಲಾದೇಶದಲ್ಲಿದೆ. ತಂದೆ ಜಗನ್ನಾಥ ಸಾಹಾ, ತಾಯಿ ಭುವನೇಶ್ವರೀದೇವಿ. ಎಂಟು ಮಕ್ಕಳಲ್ಲಿ ಇವರು ಐದನೆಯವರು. ಹುಡುಗನು ಅಕ್ಷರ ಕಲಿತು ಅಂಗಡಿಯಲ್ಲಿ ಕುಳಿತರೆ ಸಾಕೆಂಬುದು ತಂದೆಯ ಅಪೇಕ್ಷೆ. ಹಳ್ಳಿಯಲ್ಲಿ ಮೇಲಿನ ತರಗತಿಗಳಿರಲಿಲ್ಲ; ಶಾಲೆಯಿದ್ದ ಊರು ಬಹಳ ದೂರ. ಅಲ್ಲಿ ಅನಂತಕುಮಾರ ದಾಸ್ ಎಂಬ ವೈದ್ಯರು ಮನೆಯಲ್ಲಿ ಊಟವನ್ನೂ ವಸತಿಯನ್ನೂ ಕೊಟ್ಟರು. ಬಾಲಕನು ಉಂಡ ತಟ್ಟೆಯನ್ನು ತಾನೇ ತೊಳೆದಿಡಬೇಕು, ಮನೆಯ ಹಸುವನ್ನು ನೋಡಿಕೊಳ್ಳಬೇಕು, ಇಷ್ಟೇ ಷರತ್ತು. ಮೊದಲನೆಯದು ಜಾತಿಯ ಕಾರಣದಿಂದ ಬಂದದ್ದೆಂದು ಬೇರೆ ಹೇಳಬೇಕಾಗಿಲ್ಲ. ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲನೆಯವನಾಗಿ ವಿದ್ಯಾರ್ಥಿವೇತನ ಪಡೆದು 1905ರಲ್ಲಿ ಢಾಕೆಯ ಕಲೀಜಿಯೇಟ್ ಶಾಲೆಯನ್ನು ಸೇರಿದನು. ಅದೇ ವರ್ಷ ವಂಗಭಂಗವಾಯಿತು. ಪ್ರಾಂತಾಧಿಪತಿಯಾದ ಫುಲ್ಲರನು ಶಾಲೆಗೆ ಬಂದಾಗ ನಡೆದ ಬಹಿಷ್ಕಾರದಲ್ಲಿ ಸೇರಿದ್ದಕ್ಕಾಗಿ ಶಾಲೆಯೂ ವಿದ್ಯಾರ್ಥಿವೇತನವೂ ಕೈಬಿಟ್ಟುಹೋದುವು. ಖಾಸಗಿ ಶಾಲೆಯೊಂದು ಕರೆದು ಸೇರಿಸಿಕೊಂಡಿತು. ಸೆಣಬಿನ ಕಂಪೆನಿಯಲ್ಲಿ ತಿಂಗಳಿಗೆ 20 ರೂಪಾಯಿ ದುಡಿಯುತ್ತಿದ್ದ ಅಣ್ಣನು ಅದರಲ್ಲಿ 5 ರೂಪಾಯಿಗಳನ್ನು ತಮ್ಮನಿಗೆ ಕಳುಹಿಸುತ್ತಿದ್ದನು. 1909ರ ಪ್ರವೇಶಪರೀಕ್ಷೆಯಲ್ಲಿ ಪೂರ್ವಬಂಗಾಳದ ವಿದ್ಯಾರ್ಥಿಗಳಲ್ಲಿ ಮೇಘನಾದನೇ ಮೊದಲಿಗನಾದನು.

1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದಾಗ ದೊರೆತ ಗುರುಗಳು ಜಗದೀಶಚಂದ್ರ ಬಸು, ಪ್ರಫುಲ್ಲಚಂದ್ರ ರಾಯ್ ಮೊದಲಾದ ಮಹನೀಯರು; ಸಹಪಾಠಿಗಳು ಸತ್ಯೇಂದ್ರನಾಥ ಬಸು ಮತ್ತು ಮುಂದೆ ಬೆಂಗಳೂರಿನ ವಿಜ್ಞಾನಮಂದಿರಕ್ಕೆ ನಿರ್ದೇಶಕರಾಗಿ ಬಂದ ಜ್ಞಾನಚಂದ್ರ ಘೋಷ್. ಇಂತಹ ಸಂಗವಿದ್ದರೂ, ವಿದ್ಯಾರ್ಥಿನಿಲಯದ ಭೋಜನಶಾಲೆಯಲ್ಲಿ ಮೇಲಿನ ಜಾತಿಯ ಕೆಲವು ಹುಡುಗರು ಸಾಹಾರವರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣಲು ಒಪ್ಪಲಿಲ್ಲ. ವಿದ್ಯೆಯಲ್ಲಿ ತಮಗೆ ಸಮಾನನೂ ಮೇಲಾದವನೂ ಆದ ಸಹಪಾಠಿಯನ್ನು ಪಂಕ್ತಿಯಿಂದ ಎಬ್ಬಿಸಿದ ಆ ನಿಲಯದ ನಡತೆಯನ್ನು ಇಂದು ಓದುವಾಗ ತಲೆ ತಗ್ಗುತ್ತದೆ. ಇದನ್ನು ಇಲ್ಲಿ ಮುಚ್ಚಿಡದೆ ಬರೆಯುವುದು ಯಾರನ್ನೂ ನೋಯಿಸುವುದಕ್ಕಲ್ಲ. ಶಾಸ್ತ್ರಕ್ಕೆ ಅಧಿಕಾರಿ ಯಾರೆಂಬ ಪ್ರಶ್ನೆಯನ್ನು ನಾವು ಕುಲವನ್ನು ಕೇಳಿ ತೀರ್ಮಾನಿಸುತ್ತ ಬಂದುದರಿಂದ ಶಾಸ್ತ್ರಕ್ಕೇ ಆದ ನಷ್ಟವೆಷ್ಟೆಂಬುದನ್ನು ಈ ಜೀವನವು ತೋರಿಸುತ್ತದೆ.

1915ರಲ್ಲಿ ಎಂ.ಎಸ್ಸಿ. ಪರೀಕ್ಷೆಯಲ್ಲಿ ಸತ್ಯೇಂದ್ರನಾಥರು ಮೊದಲನೆಯವರೂ ಸಾಹಾರವರು ಎರಡನೆಯವರೂ ಆದರು. ಸರ್ ಆಶುತೋಷ ಮುಖರ್ಜಿಯವರು ಇಬ್ಬರನ್ನೂ ಹೊಸದಾಗಿ ತೆರೆದ ವಿಜ್ಞಾನಕಾಲೇಜಿನಲ್ಲಿ ಅಧ್ಯಾಪಕರಾಗಿ ನೇಮಿಸಿದರು. ಆಗ ಯೂರೋಪಿನಲ್ಲಿ ಮಹಾಯುದ್ಧ. ಹೊಸ ಗ್ರಂಥಗಳು ಬರುವುದೇ ಕಷ್ಟ. ಢಾಕೆಯಲ್ಲಿ ಕಲಿತಿದ್ದ ಜರ್ಮನ್ ಭಾಷೆಯು ಸಾಹಾರವರಿಗೆ ಕೀಲಿಕೈಯಾಯಿತು. ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿಯವರ ಸಾಪೇಕ್ಷವಾದದ ಪ್ರಬಂಧಗಳನ್ನು ಅವರೂ ಸತ್ಯೇಂದ್ರನಾಥರೂ ಇಂಗ್ಲೀಷಿಗೆ ತರ್ಜುಮೆ ಮಾಡಿದರು. 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯವು ಅದನ್ನು ಪ್ರಕಟಿಸಿತು.

ಈ ವರ್ಷಗಳಲ್ಲಿಯೇ ಸಾಹಾರವರು ಬೆಳಕಿನ ಒತ್ತಡವು ಒಂದೊಂದು ಪರಮಾಣುವಿನ ಮೇಲೆ ಬೇರೆ ಬೇರೆಯಾಗಿ ಬೀಳುವುದೆಂಬ ವಿಚಾರವನ್ನು ಬೆಳೆಸಿ, ಭಾರವಾದ ಕ್ಯಾಲ್ಸಿಯಮ್ಮನ್ನು ಸೂರ್ಯನ ಮೇಲ್ಪದರಗಳಲ್ಲಿ ಎತ್ತಿ ಹಿಡಿಯುವುದು ಸೂರ್ಯನ ಬೆಳಕೇ ಎಂದು ತೋರಿಸುವ ಪ್ರಬಂಧವನ್ನು 1917ರಲ್ಲಿ ಅಮೆರಿಕೆಯ ಪತ್ರಿಕೆಯೊಂದಕ್ಕೆ ಕಳುಹಿಸಿದರು. ಪ್ರಬಂಧವು ದೀರ್ಘವಾಯಿತು, ಮುದ್ರಣವ್ಯಯದಲ್ಲಿ ಒಂದು ಭಾಗವನ್ನು ಲೇಖಕರೇ ಕೊಡಬೇಕೆಂದು ಉತ್ತರ ಬಂದಿತು. ಮನೆಯ ಭಾರವನ್ನೂ ಹೊತ್ತಿದ್ದ ಬಡ ಅಧ್ಯಾಪಕರು ಅಷ್ಟು ಡಾಲರುಗಳನ್ನು ಎಲ್ಲಿಂದ ತರಬೇಕು? ಪ್ರಬಂಧವು ಕೊನೆಗೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಅಚ್ಚಾಯಿತು. ಹೊರದೇಶದ ಪಂಡಿತರ ಕಣ್ಣಿಗೆ ಬೀಳಲಿಲ್ಲ. ಅದೇ ವಿಚಾರವನ್ನು ಮುಂದೆ ಇಂಗ್ಲೆಂಡಿನ ಮಿಲ್ನ್ ಎಂಬವರು ವಿಸ್ತಾರವಾಗಿ ಬೆಳೆಸಿದಾಗ ಕೀರ್ತಿಯ ಬಹುಭಾಗವು ಅವರಿಗೆ ಸಂದಿತು.

ಸಾಹಾರವರು ಅಲ್ಲಿಗೆ ನಿಲ್ಲಲಿಲ್ಲ. ಜರ್ಮನಿಯ ಎಗ್ಗರ್ಟ್ ಎಂಬವನು 1919ರಲ್ಲಿ, ನಕ್ಷತ್ರಗಳ ಒಳಗಿನ ಮಹಾತಾಪದಲ್ಲಿ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆಯೆಂದು ಊಹಿಸಿ ಒಂದು ಲೇಖನವನ್ನು ಬರೆದಿದ್ದನು. ಅದನ್ನು ಓದಿದ ಸಾಹಾರವರಿಗೆ ಅದರ ಕೊರತೆ ಕಂಡಿತು. ಯಾವ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಎಷ್ಟು ಶಕ್ತಿ ಬೇಕೆಂಬುದನ್ನು ಪ್ರಯೋಗಶಾಲೆಗಳಲ್ಲಿ ಅಳೆದಾಗಿತ್ತು. ಕ್ಯಾಲ್ಸಿಯಮ್ಮಿಗೆ ಸುಮಾರು 6 ವೋಲ್ಟು, ಜಲಜನಕಕ್ಕೆ 13ಕ್ಕೂ ಹೆಚ್ಚು, ಹೀಲಿಯಮ್ಮಿಗೆ 24ಕ್ಕೂ ಹೆಚ್ಚು. ಈ ಸಂಖ್ಯೆಗಳನ್ನು ಉಷ್ಣಶಾಸ್ತ್ರದ ಸಮೀಕರಣದೊಳಗೆ ಇಟ್ಟರೆ, ಇಷ್ಟು ತಾಪದಲ್ಲಿ, ಇಷ್ಟು ಒತ್ತಡದಲ್ಲಿ, ನೂರಕ್ಕೆ ಎಷ್ಟು ಪರಮಾಣುಗಳು ಒಡೆದಿರುವುವೆಂದು ಲೆಕ್ಕ ಹಾಕಿ ಹೇಳಬಹುದು. ಇದೇ ಸಾಹಾ ಸಮೀಕರಣವೆಂದು ಪ್ರಸಿದ್ಧವಾದುದು. ಅದನ್ನೊಳಗೊಂಡ ಪ್ರಬಂಧವು 1920ನೆಯ ಅಕ್ಟೋಬರಿನಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾದಾಗ ಸಾಹಾರವರಿಗೆ ಆಗತಾನೇ 27 ವರ್ಷ ತುಂಬಿತ್ತು.

ಸಮೀಕರಣವನ್ನು ಬಿಟ್ಟು ಅದರ ತಾತ್ಪರ್ಯವನ್ನು ಹೇಳುವೆನು. ಶಾಖ ಹೆಚ್ಚಿದಷ್ಟೂ ಪರಮಾಣುಗಳು ಹೆಚ್ಚಾಗಿ ಒಡೆಯುವುವು. ಇದು ಸುಲಭವಾಗಿ ತಿಳಿಯುತ್ತದೆ. ಒತ್ತಡದ ವಿಷಯವು ಸೂಕ್ಷ್ಮ. ಜಾತ್ರೆಯ ಜನಸಂದಣಿಯಲ್ಲಿ ಜೊತೆಗಾರನಿಂದ ಅಗಲಿದವನಿಗೆ ಎರಡು ಹೆಜ್ಜೆಗೆ ಇನ್ನೊಬ್ಬ ಪರಿಚಿತನು ಸಿಕ್ಕುತ್ತಾನೆ. ಬಯಲಿನಲ್ಲಿ ಅಗಲಿದವನು ಬಹುಕಾಲ ಒಂಟಿಯಾಗಿಯೇ ನಡೆಯಬೇಕು. ಹಾಗೆಯೇ ಸೂರ್ಯನ ಕೆಳಗಿನ ದಟ್ಟ ಪದರದಲ್ಲಿ ಕಳಚಿದ ಎಲೆಕ್ಟ್ರಾನು ಬೇಗನೆ ಮತ್ತೊಂದು ಪರಮಾಣುವನ್ನು ಸೇರಿಕೊಳ್ಳುತ್ತದೆ. ಮೇಲಿನ ವಿರಳ ಪದರದಲ್ಲಿ ಸೇರಲು ಜೊತೆ ಸಿಕ್ಕುವುದಿಲ್ಲ. ಆದುದರಿಂದ ಎತ್ತರ ಹೋದಂತೆ ಕ್ಯಾಲ್ಸಿಯಮ್ಮಿನ ಇಡಿಯ ಪರಮಾಣುಗಳು ಕಡಮೆಯಾಗಿ ಒಡೆದವುಗಳೇ ಉಳಿಯುವುವು. ಎಚ್ ಮತ್ತು ಕೆ ಗೆರೆಗಳು ಒಡೆದ ಪರಮಾಣುವಿನವು. ಅವು ಮಾತ್ರ ಮೇಲೆ ಕಾಣುವುದಕ್ಕೆ ಇದೇ ಕಾರಣ.

ಇದೇ ನ್ಯಾಯದಿಂದ ಹಾರ್ವರ್ಡಿನ ವರ್ಗಗಳ ಒಗಟೂ ಬಿಡಿಸಿತು. ನಕ್ಷತ್ರಗಳು ದ್ರವ್ಯದಲ್ಲಿ ಬಹಳ ಭಿನ್ನವಾದವುಗಳಲ್ಲ, ತಾಪದಲ್ಲಿ ಭಿನ್ನವಾದವು. ಸೂರ್ಯನ ಮೇಲ್ಮೈಯ ಸುಮಾರು 6,000 ಅಂಶ ಶಾಖದಲ್ಲಿ ಜಲಜನಕವು ತನ್ನ ಗೆರೆಗಳನ್ನು ಬಲವಾಗಿ ತೋರುವಷ್ಟು ಕೆರಳಿರುವುದಿಲ್ಲ. ಲುಬ್ಧಕದ ಸುಮಾರು 10,000 ಅಂಶದಲ್ಲಿ ಕೆರಳಿರುತ್ತದೆ. ಅದಕ್ಕೂ ಬಹಳ ಮೀರಿದರೆ ಒಡೆದುಹೋಗಿ ಗೆರೆಗಳು ಮಾಸುತ್ತವೆ. ಗೆರೆ ಕಾಣದಿದ್ದರೆ ವಸ್ತುವಿಲ್ಲವೆಂದು ಅರ್ಥವಲ್ಲ. ಅನುಪಲಬ್ಧಿಯೊಂದರಿಂದಲೇ ಅಭಾವವನ್ನು ಸಾಧಿಸಬಾರದೆಂದು, ಉಪಲಬ್ಧಿಗೆ ಯೋಗ್ಯವಾದ ಸ್ಥಿತಿಯಿತ್ತೇ ಎಂದು ಮೊದಲು ಕೇಳಬೇಕೆಂದು ನಮ್ಮ ತಾರ್ಕಿಕರು ಹೇಳುವ ಮಾತು ಇಲ್ಲಿ ಆಕಾಶದಲ್ಲಿಯೇ ಸಿದ್ಧವಾಯಿತು. ಸೂರ್ಯನಲ್ಲಿ ರುಬಿಡಿಯಂ ಮತ್ತು ಸೀಸಿಯಂ ಎಂಬ ಲೋಹಗಳ ಗೆರೆ ಕಾಣದಿರುವುದು ಅವು ಸುಲಭವಾಗಿ ಒಡೆಯುವುದರಿಂದ. ಸುತ್ತಲಿಗಿಂತ ತಂಪಾದ ಸೂರ್ಯನ ಕಲೆಗಳಲ್ಲಿ ಹುಡುಕಿದರೆ ಸಿಕ್ಕಬಹುದು ಎಂದು ಸಾಹಾರವರು ಸೂಚಿಸಿದರು. ಅಮೆರಿಕೆಯ ರಸೆಲ್ ಎಂಬ ಜ್ಯೋತಿಷಿಯು ಹುಡುಕಿದಾಗ ಸೂರ್ಯನ ಕಲೆಗಳಲ್ಲಿ ರುಬಿಡಿಯಂ ಕಂಡೇ ಕಂಡಿತು.

1920ರಲ್ಲಿ ಸಾಹಾರವರು ವಿದ್ಯಾರ್ಥಿವೇತನದ ಮೇಲೆ ಲಂಡನ್ನಿಗೆ ಹೋಗಿ ಆಲ್‌ಫ್ರೆಡ್ ಫೌಲರ್ ಅವರ ಪ್ರಯೋಗಶಾಲೆಯಲ್ಲಿ ಕೆಲವು ತಿಂಗಳು ಕೆಲಸಮಾಡಿ, ನಕ್ಷತ್ರವರ್ಗಗಳ ಪ್ರಬಂಧವನ್ನು ತಿದ್ದಿ ಬೆಳೆಸಿದರು. ಅದು 1921ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದಿತು. ಅಲ್ಲಿಂದ ಬರ್ಲಿನ್ನಿಗೆ ಹೋಗಿ ನೆರ್ನ್‌ಸ್ಟರ ಪ್ರಯೋಗಶಾಲೆಯಲ್ಲಿ ತಮ್ಮ ಸಿದ್ಧಾಂತವನ್ನು ಪರೀಕ್ಷಿಸಲು ಯತ್ನಿಸಿದರು. ಅನಂತರ ಇತರರು ಆ ಸಿದ್ಧಾಂತವನ್ನು ಪರಿಷ್ಕರಿಸಿದರು. ಸಿಸಿಲಿಯಾ ಪೇನ್ ಎಂಬ ತರುಣಿಯು 1925ರಲ್ಲಿ ಅದನ್ನೇ ಸಾಧನವಾಗಿ ಹಿಡಿದು, ನಕ್ಷತ್ರಗಳಲ್ಲಿ ಜಲಜನಕ ಹೀಲಿಯಮ್ಮುಗಳೇ ಅತ್ಯಧಿಕವೆಂಬ ಫಲವನ್ನು ಪಡೆದಳು. ಹಿರಿಯರು ಮೊದಲು ನಂಬಲಿಲ್ಲ. ಕೆಲವೇ ವರ್ಷಗಳಲ್ಲಿ ಒಪ್ಪಬೇಕಾಯಿತು. ವಿಶ್ವದ ಆದಿಯಲ್ಲಿ ಮಹಾತಾಪವು ಆರುತ್ತ ಬಂದಾಗ ಎಲೆಕ್ಟ್ರಾನುಗಳು ಪರಮಾಣುಗಳಲ್ಲಿ ಯಾವಾಗ ಸೇರಿದುವೆಂಬುದನ್ನು ಅಂದಾಜು ಮಾಡುವುದಕ್ಕೂ ವಿಜ್ಞಾನಿಗಳು ಇಂದಿಗೂ ಸಾಹಾ ಸಮೀಕರಣದಿಂದಲೇ ಆರಂಭಿಸುತ್ತಾರೆ. ಅವರ ಹೆಸರು ನೊಬೆಲ್ ಪಾರಿತೋಷಕಕ್ಕೆ ಹಲವು ಬಾರಿ ಸೂಚಿತವಾಯಿತು, ಪಾರಿತೋಷಕ ಬರಲಿಲ್ಲ. 1927ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

1923ರಿಂದ 1938ರವರೆಗೆ ಅಲಹಾಬಾದಿನಲ್ಲಿಯೂ ಅನಂತರ ಕಲ್ಕತ್ತೆಯಲ್ಲಿಯೂ ಪ್ರಾಧ್ಯಾಪಕರಾಗಿದ್ದ ಸಾಹಾರವರ ಸಾರ್ವಜನಿಕ ಕಾರ್ಯಗಳನ್ನು ಇಲ್ಲಿ ಸಂಕ್ಷೇಪವಾಗಿ ಮಾತ್ರ ಹೇಳಬಹುದು. 1935ರಲ್ಲಿ ಸೈನ್ಸ್ ಅಂಡ್ ಕಲ್ಚರ್ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಬಾಲ್ಯದಿಂದ ಪೂರ್ವಬಂಗಾಳದ ನೆರೆಯನ್ನು ಕಂಡವರಾದುದರಿಂದ ನದಿಗಳ ನಿಯಂತ್ರಣವನ್ನು ಕುರಿತು ವರ್ಷಗಟ್ಟಳೆ ಬರೆದರು. ದಾಮೋದರ ನದಿಯ ಯೋಜನೆಗೆ ಆ ಬರಹಗಳು ದಾರಿಮಾಡಿದುವು. 1938ರಲ್ಲಿ ಸುಭಾಷಚಂದ್ರರು ಏರ್ಪಡಿಸಿದ ರಾಷ್ಟ್ರೀಯ ಯೋಜನಾ ಸಮಿತಿಯಲ್ಲಿ ನಮ್ಮ ವಿಶ್ವೇಶ್ವರಯ್ಯನವರೊಡನೆ ಇವರೂ ಸದಸ್ಯರಾಗಿದ್ದರು. ಕಲ್ಕತ್ತೆಯಲ್ಲಿ ಇವರು ಕಟ್ಟಿದ ಪರಮಾಣುಗರ್ಭ ವಿಜ್ಞಾನದ ಸಂಸ್ಥೆಯನ್ನು 1950ರಲ್ಲಿ ಐರೀನ್ ಜೋಲಿಯೋ-ಕ್ಯೂರಿಯವರು ಉದ್ಘಾಟಿಸಿದರು. ದೇಶದ ವೀಕ್ಷಣಾಲಯಗಳ ಅಭಿವೃದ್ಧಿಗಾಗಿ 1945ರಲ್ಲಿ ಸರ್ಕಾರವು ನೇಮಿಸಿದ ಸಮಿತಿಗೂ ಇವರೇ ಅಧ್ಯಕ್ಷರು. ಅಂದು ಕೊಡೈಕೆನಾಲಿನಲ್ಲಿ ಸೂರ್ಯನನ್ನು ನೋಡುತ್ತಿದ್ದ ವೀಕ್ಷಣಾಲಯವು ಈಗ ಬೆಂಗಳೂರಿನಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. 1952ರಲ್ಲಿ ಕಲ್ಕತ್ತೆಯಿಂದ ಲೋಕಸಭೆಗೆ ಆರಿಸಿಬಂದರು.

ಶಾಸ್ತ್ರಗ್ರಂಥಗಳ ವಿಷಯದಲ್ಲಿ ಅವರ ಮನೋಭಾವವು ಹೇಗಿತ್ತೆಂಬುದಕ್ಕೆ ಅವರೇ ಬಂಗಾಳಿಯಲ್ಲಿ ಬರೆದ ಒಂದು ಪ್ರಸಂಗವುಂಟು. ತಮ್ಮ ಸಂಶೋಧನೆಯನ್ನು ಉತ್ಸಾಹದಿಂದ ವಿವರಿಸುತ್ತಿದ್ದಾಗ ಢಾಕೆಯ ವಕೀಲರೊಬ್ಬರು, ಇದರಲ್ಲಿ ಹೊಸದೇನು, ಎಲ್ಲವೂ ವೇದದಲ್ಲಿದೆ ಎಂದರಂತೆ. ಯಾವ ಭಾಗದಲ್ಲಿ ಎಂದು ಸಾಹಾರವರು ಕೇಳಿದಾಗ, ತಾವು ಓದಿಲ್ಲವಾದರೂ ಇದ್ದೇ ಇರಬೇಕೆಂದು ಅವರ ಉತ್ತರ. ಸಾಹಾರವರು ಆ ಮೇಲೆ ವೇದ ಪುರಾಣ ಜ್ಯೋತಿಷಗ್ರಂಥಗಳನ್ನು ವರ್ಷಗಟ್ಟಳೆ ಶೋಧಿಸಿದರು. ಇದನ್ನು ಕೆಲವರು ವೇದನಿಂದೆಯೆಂದು ಕೋಪಿಸಿಕೊಂಡರು. ನನಗಾದರೋ ಓದದೆಯೇ ಹೊಗಳಿದ ವಕೀಲರಿಗಿಂತ ಓದಿ ಪ್ರಶ್ನಿಸಿದ ಸಾಹಾರವರೇ ಶಾಸ್ತ್ರಕ್ಕೆ ಹೆಚ್ಚಿನ ಗೌರವ ತೋರಿದರೆಂದು ತೋರುತ್ತದೆ. ಈ ಅಭ್ಯಾಸವೇ ಪಂಚಾಂಗದ ಕಾರ್ಯದಲ್ಲಿ ಅವರಿಗೆ ಒದಗಿತು.

1952ರಲ್ಲಿ ಭಾರತ ಸರ್ಕಾರವು ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿ ಸಾಹಾರವರನ್ನು ಅಧ್ಯಕ್ಷರನ್ನಾಗಿ ಮಾಡಿತು. ದೇಶದಲ್ಲಿ ಆಗ ಸುಮಾರು ಮೂವತ್ತು ಬಗೆಯ ಪಂಚಾಂಗಗಳು ನಡೆಯುತ್ತಿದ್ದುವು. ಒಂದೇ ಊರಿನ ಎರಡು ಮನೆಗಳಲ್ಲಿ ಏಕಾದಶಿಯು ಎರಡು ದಿನ ಬೀಳುವುದನ್ನು ನಾವೂ ಬಲ್ಲೆವು. ಆದರೆ ಮೂಲದೋಷವು ಇದಕ್ಕಿಂತ ಆಳವಾದುದು. ಸೂರ್ಯಸಿದ್ಧಾಂತದ ವರ್ಷಮಾನವು 365.258756 ದಿನಗಳು, ಋತುಗಳು ಮರಳಿ ಬರುವ ಸಾಯನವರ್ಷವು 365.242196 ದಿನಗಳು. ವ್ಯತ್ಯಾಸವು ಸುಮಾರು 24 ನಿಮಿಷ, ಎಂದರೆ ವರ್ಷಕ್ಕೆ ಒಂದು ಘಳಿಗೆ. ಘಳಿಗೆಯೆಂದರೆ ಅಲ್ಪವೆನಿಸುತ್ತದೆ, ಆದರೆ ಪ್ರಭವದಿಂದ ಅಕ್ಷಯದವರೆಗೆ ಒಂದು ಸಂವತ್ಸರಚಕ್ರ ಮುಗಿಯುವಷ್ಟರಲ್ಲಿ ಅದು ಒಂದು ದಿನವಾಗುತ್ತದೆ, 1,400 ವರ್ಷಗಳಲ್ಲಿ 23 ದಿನಗಳಾಗುತ್ತದೆ. ಮಕರಸಂಕ್ರಮಣದಿಂದ ಉತ್ತರಾಯಣದ ಆರು ಮಾಸಗಳೆಂದು ಸೂರ್ಯಸಿದ್ಧಾಂತದ ಮಾನಾಧ್ಯಾಯದಲ್ಲಿಯೇ ಇದೆ. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ. ನಾವು ಎಳ್ಳು ಬೀರುವುದು ಜನವರಿ 14 ಅಥವಾ 15ರಂದು. ಗ್ರಂಥದ ಲಕ್ಷಣಕ್ಕೂ ಗ್ರಂಥದ ಗಣಿತಕ್ಕೂ ಹೀಗೆ ಕಾಲಕ್ರಮದಲ್ಲಿ ವಿರೋಧ ಬಂದಿತು. ಚಾಂದ್ರಮಾಸಗಳಿಗೆ ಹೆಸರು ಕೊಡುವುದೂ ಅಧಿಕಮಾಸವನ್ನು ನಿರ್ಣಯಿಸುವುದೂ ಸಂಕ್ರಮಣದಿಂದಲೇ ಆದುದರಿಂದ ಯುಗಾದಿ, ದೀಪಾವಳಿಗಳೂ ಇದರೊಡನೆ ಸರಿಯುತ್ತ ಹೋಗುವುವು.

ಸಮಿತಿಯು 1955ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ರಾಜ್ಯವ್ಯವಹಾರಕ್ಕೆ ವಸಂತವಿಷುವದ ಮರುದಿನ ಮೊದಲಾಗುವ ಸೌರವರ್ಷ, ಶಕವರ್ಷದ ಎಣಿಕೆ, ವೈಶಾಖದಿಂದ ಭಾದ್ರಪದದವರೆಗೆ ಐದು ಮಾಸಗಳಿಗೆ 31 ದಿನಗಳು, ಉಳಿದವಕ್ಕೆ 30, ಅಧಿಕದಿನವುಳ್ಳ ವರ್ಷದಲ್ಲಿ ಚೈತ್ರಕ್ಕೂ 31. ಧಾರ್ಮಿಕ ಪಂಚಾಂಗದ ವಿಷಯದಲ್ಲಿ ಸಾಹಾರವರ ಸಮಿತಿಯು ತೋರಿದ ಸಂಯಮವು ಗಮನಿಸತಕ್ಕದ್ದು. ಸೇರಿಕೊಂಡ 23 ದಿನಗಳನ್ನು ಒಮ್ಮೆಲೇ ಕಿತ್ತುಹಾಕಿದರೆ ಹಬ್ಬಗಳೆಲ್ಲವೂ ಹಿಂದಕ್ಕೆ ಹಾರಿ ಜನರು ದಿಕ್ಕುಗೆಡುವರು. ಆದುದರಿಂದ ಇದುವರೆಗಿನ ವ್ಯತ್ಯಾಸವನ್ನು 23 ಅಂಶ 15 ಕಲೆಗಳಷ್ಟೆಂದು ಸ್ಥಿರಪಡಿಸಿ, ಇನ್ನು ಮುಂದೆ ಹಬ್ಬಗಳು ಋತುವಿನಿಂದ ಸರಿಯದಂತೆ ನಿಲ್ಲಿಸಬೇಕೆಂದು ಸೂಚಿಸಿದರು. ಪರಂಪರೆಯನ್ನು ದ್ವೇಷಿಸುವವನು ಇಷ್ಟು ಎಚ್ಚರ ವಹಿಸುವುದಿಲ್ಲ.

ಈ ಕಾಲಗಣನೆಯು ಆಚರಣೆಗೆ ಬಂದುದನ್ನು ಸಾಹಾರವರು ನೋಡಲಿಲ್ಲ. 1956ನೆಯ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ನಡೆದು ಹೋಗುತ್ತಿದ್ದಾಗ ಹೃದಯಾಘಾತದಿಂದ ಕುಸಿದು ಕಾಲವಾದರು. ಆಗ ಅವರಿಗೆ 62 ವರ್ಷ. ಮರುವರ್ಷ ಮಾರ್ಚಿ 22ರಂದು, ಶಕ 1879ರ ಚೈತ್ರದ ಮೊದಲನೆಯ ದಿನ, ಸರ್ಕಾರವು ಅದನ್ನು ಅಂಗೀಕರಿಸಿತು. ಜನರ ಮನೆಗಳಲ್ಲಿ ಮಾತ್ರ ಅದು ಬೇರೂರಲಿಲ್ಲ; ಸರ್ಕಾರದ ಕಾಗದಪತ್ರಗಳಲ್ಲಿಯೂ ಆಕಾಶವಾಣಿಯಲ್ಲಿಯೂ ಉಳಿಯಿತು. ಸಂಕ್ರಾಂತಿಯು ಹಳೆಯ ದಾರಿಯಲ್ಲಿಯೇ ಸರಿಯುತ್ತಿದೆ.

ಸಾಹಾರವರ ಪಂಚಾಂಗಮತವನ್ನು ಹೊಸ ವಿದ್ಯೆಯ ಉದ್ಧಟತನವೆಂದು ತಳ್ಳಿಹಾಕುವ ಪಂಡಿತರು ಈಗಲೂ ಇದ್ದಾರೆ. ಅವರು ವರಾಹಮಿಹಿರನ ಬೃಹತ್ಸಂಹಿತೆಯ ಆದಿತ್ಯಚಾರವನ್ನು ಇನ್ನೊಮ್ಮೆ ಓದಬೇಕೆಂದು ನನ್ನ ವಿಜ್ಞಾಪನೆ. ಹಿಂದಿನ ಶಾಸ್ತ್ರಗಳಲ್ಲಿ ದಕ್ಷಿಣಾಯನವು ಆಶ್ಲೇಷಾನಕ್ಷತ್ರದ ಅರ್ಧದಿಂದ ಎಂದಿದ್ದುದನ್ನು ಹೇಳಿ, ತನ್ನ ಕಾಲದಲ್ಲಿ ಅದು ಕರ್ಕಾಟಕದ ಆದಿಯಿಂದ ನಡೆಯುತ್ತಿದೆಯೆಂದು ಆ ಆಚಾರ್ಯನು ಸ್ಪಷ್ಟವಾಗಿ ಬರೆದಿದ್ದಾನೆ. ಹೇಳಿದುದಕ್ಕೂ ಕಾಣುವುದಕ್ಕೂ ಭೇದ ಬಂದರೆ ಪ್ರತ್ಯಕ್ಷಪರೀಕ್ಷೆಯಿಂದ ನಿಶ್ಚಯಿಸಬೇಕೆಂದೂ ವಿಧಿಸಿದ್ದಾನೆ. ಹಳೆಯದನ್ನು ತಿದ್ದಿದ ವರಾಹಮಿಹಿರನು ಶಾಸ್ತ್ರದ್ರೋಹಿಯಾಗಲಿಲ್ಲ, ಆಚಾರ್ಯನಾದನು. ಸಾವಿರದ ನಾನೂರು ವರ್ಷಗಳ ಮೇಲೆ ಅದೇ ವಿಧಿಯನ್ನು ಪಾಲಿಸಿದವನು, ಒಂದು ಕಾಲದಲ್ಲಿ ನಾವು ಪಂಕ್ತಿಯಲ್ಲಿ ಎಲೆ ಹಾಕಲು ಒಪ್ಪದಿದ್ದ ಮನೆಯ ಹುಡುಗನು. ವರಾಹಮಿಹಿರನ ಪರಂಪರೆಯು ಯಾರಲ್ಲಿ ಉಳಿಯಿತೆಂಬುದನ್ನು ವಾಚಕರೇ ವಿಚಾರಮಾಡಲಿ. ಮುಂದಿನ ಡಿಸೆಂಬರ್ 22ರ ಸುಮಾರಿಗೆ ನಾಲ್ಕೈದು ದಿನ ಬೆಳಗ್ಗೆ ಮನೆಯ ಮಕ್ಕಳೊಡನೆ ಹೊರಗೆ ನಿಂತು, ಸೂರ್ಯನು ದಿಗಂತದಲ್ಲಿ ಯಾವ ಮರದ, ಯಾವ ಮಾಡಿನ ನೇರಕ್ಕೆ ಉದಿಸುವನೆಂದು ಗುರುತು ಮಾಡಿ, ಸಂಕ್ರಾಂತಿಯ ದಿನ ಮತ್ತೆ ನೋಡಿದರೆ, ಅವನು ಆ ವೇಳೆಗೆ ಉತ್ತರಕ್ಕೆ ಬಹಳ ದೂರ ನಡೆದಿರುವುದು ಯಾವ ಯಂತ್ರವೂ ಇಲ್ಲದೆ ತಿಳಿಯುತ್ತದೆ. ಹಬ್ಬವನ್ನು ಯಾವ ದಿನವೇ ಮಾಡಲಿ, ಮಕ್ಕಳಿಗೆ ಅದನ್ನು ಒಮ್ಮೆ ತೋರಿಸುವುದು ಆಚಾರ್ಯ ಸಾಹಾರವರಿಗೂ ಬೃಹತ್ಸಂಹಿತೆಯ ಕರ್ತೃವಿಗೂ ಏಕಕಾಲದಲ್ಲಿ ಸಲ್ಲಿಸುವ ಗೌರವ.